ಬಡಿದ ಕಡೆ ಸೋರುತ್ತಿತ್ತು

ಅಣ್ಣ ತೀರಿಕೊಂಡ ಮೇಲೆ ಅವನ ಕಾರಿನ ಮಡಚುವ ಬಟ್ಟೆ ಟಾಪು ಸೋರತೊಡಗಿತು. "ಹೊಸದು ಹಾಕಿಸಿ ನೋಡಪ್ಪ. ಆಮೇಲೂ ಸೋರಿದ್ರೆ ಗುಜರಿಗೆ ಹಾಕಿಬಿಡು, ನನ್ ಕೈಲಿ ನೋಡೋಕಾಗಲ್ಲ" ಎಂದರು ಅತ್ತಿಗೆ.

ಹಾಕಿಸಿದ್ದಾಯಿತು, ಪರೀಕ್ಷೆ ಉಳಿದಿತ್ತು. ಮೇಸ್ತ್ರಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು, ಮುಂದಿನ ಸೀಟಿನಲ್ಲಿ ಕೂತ ನಾನು ಹನಿ ಕಂಡ ಕಡೆ ಟಾಪನ್ನು ಒಳಗಿನಿಂದ ಬಡಿಯುವುದು. ಹನಿ ಕಾಣಲಿಲ್ಲ. "ಸೋರ್ತಿದ್ದದ್ದು ಸೂರಾಯ್ತಲ್ಲೋ!" ಎಂದು ಅಣ್ಣನ ದನಿಯನ್ನೇ ಅಣಕಿಸಿ, ಇಳಿದು, ಬಾಗಿಲು ಹಾಕಿ, ನಲ್ಲಿ ನಿಲ್ಲಿಸಲು ಹೋದೆ.

"ಸಾಕು ಬಡಿದಿದ್ದು ಸಾರ್, ಕಿವಿ ನೆಟ್ಟಗೇ ಇದೆ ನಂಗೆ! ಹಿಂದಿನ ಎಡ ಮೂಲೆ ತಾನೆ?" ಎಂದು ಮೇಸ್ತ್ರಿ ಕಾರಿಗೆ ಹೇಳುತ್ತಿದ್ದ.

"ನಾನು ಇಲ್ಲಿದ್ದೀನಿ" ಎಂದೆ, ಅವನ ಬೆನ್ನ ಹಿಂದಿನಿಂದ.

ಬಡಿತ ನಿಲ್ಲಲಿಲ್ಲ. ಆ ಮೂಲೆಯ ಬಟ್ಟೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ನಾನು ಕೂರದಿದ್ದ ಹಿಂದಿನ ಸೀಟು ಬೆಚ್ಚಗಿತ್ತು. ಆ ಮೂಲೆಯಲ್ಲಿ ಒಂದು ಹೊಲಿಗೆ ಬಿಟ್ಟಿತ್ತು. ಮೇಸ್ತ್ರಿ ಅದನ್ನು ಹೊಲಿದ.

ಈಗ ಸೋರುವುದಿಲ್ಲ. ಅತ್ತಿಗೆಯೇ ಕಾರು ಓಡಿಸುತ್ತಾರೆ. ಮಳೆ ಬಂದಾಗ ಮಾತ್ರ, ಹಿಂದೆ ತಿರುಗದೆ, "ಸೋರ್ತಿಲ್ಲ, ಸುಮ್ನಿರಿ" ಎನ್ನುತ್ತಾರೆ.

ಅವರಿಗೆ ನಾನು ಆ ದಿನದ ಸುದ್ದಿ ಹೇಳೇ ಇಲ್ಲ.