ಸುಡದೆ ಬಿಟ್ಟ ಗಿಡಗಳು

2003ರ ನವೆಂಬರ್ 3, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಲಕ್ಷ್ಮೇಶ್ವರ ಠಾಣೆಗೆ ದೂರು ತಂದವಳು ಅಮೀರಾ. ಪೇಟೆಯ ಕಾಳಿನ ವ್ಯಾಪಾರಿ ಮಕ್ತುಮಸಾಬನ ಮಗಳು, ಊರಿನ ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದವಳು. ಕಾಲೇಜಿನ ಸಂಶೋಧನಾ ಕೋಣೆಯ ಮೂರು ಕಪಾಟು ಒಡೆದು, ಒಳಗಿದ್ದುದನ್ನೆಲ್ಲ ಯಾರೋ ಹೊತ್ತೊಯ್ದಿದ್ದರು.

ಪಿ.ಎಸ್.ಐ. ಉಡಚಪ್ಪ ಕುರ್ಚಿ ತೋರಿಸಿದರು. ಪೇದೆಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದ ಮನುಷ್ಯ. ಕಳ್ಳ ಏನು ಬಿಟ್ಟುಹೋಗಿದ್ದಾನೆ ಎಂಬುದನ್ನು ಮೊದಲು ಕೇಳುವುದು ಅವರ ರೂಢಿ.

"ಏನೇನ್ ಹೋಗೇತಿ ತಂಗಿ?"

"ನನ್ನ ಕಪಾಟಿನ್ಯಾಗ ಗಿಡಾ ಇದ್ದೂರಿ, ಕಪ್ಪತಗುಡ್ಡದ್ದು. ಒಣಗಿಸಿ, ಪೇಪರಿನ್ಯಾಗ ಮಡಚಿ, ಹೆಸರು ಬರದು ಇಟ್ಟಿದ್ದೆ. ಆರು ವರ್ಷದ ಕೆಲಸ."

"ಉಳದ ಎರಡು ಕಪಾಟು?"

"ಒಂದು ಶಿಕ್ಷಣ ವಿಭಾಗದ ಇಜಾಜ ಸರ್‍ದು. ಸಣ್ಣ ಹುಡುಗ್ರು ಲೆಕ್ಕದಾಗ ಎಲ್ಲಿ ತಪ್ಪತಾರ ಅಂತ ನೋಡಾಕ ಹಳ್ಳಿ ಶಾಲಿ ಮಕ್ಕಳು ಬರದ ಹಾಳಿ ಕೂಡ್ಹಾಕಿದ್ರು. ಇನ್ನೊಂದು ಜಾನಪದದವ್ರದು. ಮೊಹರಮ್ ಪದದ ಕ್ಯಾಸೆಟ್. ಹಾಡಿದವರಾಗ ಬಾಳ ಮಂದಿ ಈಗಿಲ್ಲ."

"ಕಂಪ್ಯೂಟರ್?"

"ಅಲ್ಲೇ ಐತ್ರಿ."

"ಫ್ಯಾನು?"

"ಐತಿ."

ಹೆಡ್ ಕಾನ್‌ಸ್ಟೇಬಲ್ ಮಲಂಗಸಾಬ ಬರೆಯುತ್ತಿದ್ದ ಕೈ ನಿಲ್ಲಿಸಿದ. "ಸಾಹೇಬ್ರ, ಇಷ್ಟು ಕಲತ ಕಳ್ಳನ್ನ ನಾ ನೋಡಿದ್ದೇ ಇಲ್ರಿ. ಫ್ಯಾನು ಬಿಟ್ಟು ಹುಲ್ಲು ಹೊತ್ತಾನ."

ಉಡಚಪ್ಪ ನಗಲಿಲ್ಲ. ಹುಡುಗಿಯ ಕಣ್ಣು ಕೆಂಪಾಗಿದ್ದವು. ಚಹಾ ತರಿಸಲು ಹೋಗಿ, ರೋಜಾ ತಿಂಗಳು ಎಂಬುದು ನೆನಪಾಗಿ ಸುಮ್ಮನಾದರು.

"ಇದು ಸಿಗಲಿಲ್ಲಂದ್ರ ಏನಾಗತೈತಿ ತಂಗಿ? ಬಿಚ್ಚಿ ಹೇಳು."

"ಈ ತಿಂಗಳ ಕೊನಿಗೆ ಪ್ರಬಂಧ ಒಪ್ಪಿಸಬೇಕ್ರಿ. ಎರಡು ಸಲ ಅವಧಿ ಕೇಳಿ ತಗೊಂಡೀನಿ, ಇನ್ನ ಕೊಡಂಗಿಲ್ಲ ಅಂದಾರ. ಗಿಡಾ ಮುಂದಿಟ್ಟು ತೋರಿಸಲಿಲ್ಲಂದ್ರ ನಾ ಬರದದ್ದು ಬರೇ ಮಾತಾಗತೈತಿ. ಆರು ವರ್ಷ ಗುಡ್ಡಾ ಹತ್ತಿಳದದ್ದು ಹೋತು. ಅಪ್ಪಾಗೂ ಇನ್ನ ಕಾಯ್ರಿ ಅನ್ನಾಕ ಬಾಯಿಲ್ಲ."

ಭಾರತೀಯ ದಂಡ ಸಂಹಿತೆಯ ಕಲಂ 454, 380ರ ಅಡಿ ಎಫ್.ಐ.ಆರ್. ದಾಖಲಾಯಿತು. ಹನ್ನೊಂದೂವರೆಗೆ ಉಡಚಪ್ಪ ಅಮೀರಾಳನ್ನೂ ಮಲಂಗಸಾಬನನ್ನೂ ಕರೆದುಕೊಂಡು ಸ್ಥಳಕ್ಕೆ ಹೋದರು.

ಕೋಣೆ ಕಾಲೇಜಿನ ಹಿಂಬದಿಗಿತ್ತು. ಕಿಟಕಿಯ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಸರಳುಗಳನ್ನು ಕಿತ್ತು ಗೋಡೆಗೆ ಒರಗಿಸಿ ಇಟ್ಟಿದ್ದರು. ಅವಸರದ ಕೈಯಲ್ಲ. ಶನಿವಾರ ರಾಜ್ಯೋತ್ಸವದ ಧ್ವಜ ಹಾರಿಸಿ ಬಾಗಿಲು ಹಾಕಿದವರು ಸೋಮವಾರವೇ ತೆಗೆದದ್ದು. ಎದುರಿನ ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆಸಿದರು. ಅಮೀರಾಳ ಕಪಾಟಿನ ಬೀಗ ಮಾತ್ರ ನಾಜೂಕಾಗಿ ಮೀಟಿದ್ದಿತ್ತು. ಉಳಿದ ಎರಡರ ಬಾಗಿಲು ಬಗ್ಗಿ ಜೋತು ಬಿದ್ದಿದ್ದವು. ಮೊದಲನೆಯದು ಮುಗಿಯುವ ಹೊತ್ತಿಗೆ ಕಳ್ಳನಿಗೆ ಸಿಟ್ಟೋ ದಿಗಿಲೋ ಬಂದಿತ್ತು ಎಂದುಕೊಂಡರು ಉಡಚಪ್ಪ.

"ಹೋದ ವಾರ ಈ ಕೋಣಿಗೆ ಹೊರಗಿನವ್ರು ಯಾರರೆ ಬಂದಿದ್ರೇನು?"

"ಯಾರೂ ಇಲ್ರಿ. ಹಾಂ, ಗುರುವಾರ ಡೋಣಿಯಿಂದ ಒಬ್ಬ ಅಜ್ಜ ಬಂದಿದ್ದ, ಔಷಧ ಕೊಡಾಂವ. ಚಾ ಕೊಟ್ಟೆ. ಕಪಾಟು ತೋರಿಸಿದೆ. ಹೋದ."

ಮನೆಗೆ ಬಂದ ನೆಂಟನ ಸುದ್ದಿಯಂತೆ ಹೇಳಿದಳು. ಹಾಗೆಂದೇ ಮಲಂಗಸಾಬ ಅದನ್ನು ಬರೆದುಕೊಳ್ಳಲಿಲ್ಲ. ಉಡಚಪ್ಪ ಮಾತ್ರ ಕಿವಿಯಲ್ಲಿಟ್ಟುಕೊಂಡರು.

ಮಂಗಳವಾರ ಬೆಳಿಗ್ಗೆ ಪೇದೆ ಶಫೀಕ ಅಡರಕಟ್ಟಿಯ ಯಮನೂರಸಾಬನನ್ನು ಕರೆತಂದ. ಆತ ರೈತ, ಹಳ್ಳದ ದಂಡೆಗೆ ಅವನ ಹೊಲ. ರವಿವಾರ ಮಧ್ಯಾಹ್ನ ಹಳ್ಳದಲ್ಲಿ ಹೊಗೆ ಕಂಡಿದ್ದನಂತೆ.

"ಯಾರಿದ್ರು ಅಲ್ಲಿ?"

"ಒಬ್ಬ ಮುದಕರಿ. ಬರಿಗಾಲು. ಎರಡು ಮೂರು ಸಲ ಊರ ಕಡಿಂದ ಗಂಟು ಹೊತ್ತು ತಂದ. ನಡುನಡುವ ಕುಂತು ಒಂದೊಂದ ಪೇಪರ್ ಬಿಚ್ಚಿ ಬಿಸಲಿಗೆ ಹಿಡದು ನೋಡತಿದ್ದ."

"ನೀ ಕೇಳಲಿಲ್ಲೇನು?"

"ಓದೂ ಮಂದಿಗೆ ಏನ್ ಕೇಳೂದ್ರಿ? ನನ್ನ ಮಗನೂ ಪರೀಕ್ಷೆ ಮುಗದ ಮ್ಯಾಲೆ ಹಿಂಗ ಪುಸ್ತಕ ಸುಟ್ಟಿದ್ದ."

ಹನ್ನೆರಡು ಗಂಟೆಗೆ ಪೊಲೀಸರು ಅಮೀರಾಳನ್ನೂ ಕರೆದುಕೊಂಡು ಹಳ್ಳಕ್ಕೆ ಇಳಿದರು. ಬೂದಿ ಗಾಳಿಗೆ ಅರ್ಧ ಹಾರಿಹೋಗಿತ್ತು. ಕ್ಯಾಸೆಟ್ಟುಗಳು ಕರಗಿ ಮುದ್ದೆಯಾಗಿದ್ದವು. ಒಂದರ ರೀಲು ಬಿಚ್ಚಿಕೊಂಡು ಜಾಲಿ ಕಂಟಿಯ ಮುಳ್ಳಿಗೆ ಸುತ್ತಿಕೊಂಡು ಮಿಂಚುತ್ತಿತ್ತು. ಸುಡದೆ ಉಳಿದ ಒಂದು ಹಾಳೆಯ ತುಂಡಿನಲ್ಲಿ ಯಾವುದೋ ಮಗು ಹದಿಮೂರರಲ್ಲಿ ಏಳು ಕಳೆದು ಇಪ್ಪತ್ತು ಎಂದು ಬರೆದಿತ್ತು.

"ಸಾಹೇಬ್ರ, ಇಲ್ಲಿ ನೋಡ್ರಿ," ಎಂದ ಮಲಂಗಸಾಬ.

ದಂಡೆಯ ಬೇವಿನ ಮರದ ನೆರಳಿಗೆ ಒಣ ಗಿಡಗಳ ದೊಡ್ಡ ರಾಶಿ ಇತ್ತು. ಒಂದು ಎಲೆಯೂ ಸುಟ್ಟಿರಲಿಲ್ಲ. ಗಾಳಿಗೆ ಹಾರಬಾರದೆಂದು ಸುತ್ತ ಕಲ್ಲು ಇಟ್ಟಿದ್ದರು.

ಉಡಚಪ್ಪನವರಿಗೆ ಜೀವ ಬಂದಂತಾಯಿತು. "ಅದಾವಲ್ಲ ತಂಗಿ! ಒಂದೂ ಹೋಗಿಲ್ಲ."

ಅಮೀರಾ ಮಂಡಿಯೂರಿ ಕೂತಳು. ಒಂದು ಕಡ್ಡಿ ಎತ್ತಿದಳು, ಇನ್ನೊಂದು ಎತ್ತಿದಳು, ಎರಡನ್ನೂ ಕೆಳಗಿಟ್ಟಳು.

"ಅದಾವ್ರಿ. ಯಾವ ಊರಾಗ ಸಿಕ್ತು, ಯಾವ ತಿಂಗಳು, ಯಾರು ಹೇಳಿದ್ರು, ಯಾವ ಬ್ಯಾನಿಗೆ, ಎಲ್ಲಾ ಪೇಪರಿನ ಮ್ಯಾಲಿತ್ತು. ನನ್ನ ಟಿಪ್ಪಣಿನೂ ಅದರಾಗ ಇದ್ದೂ."

"ನೋಡಿದ್ರ ಗುರ್ತು ಹತ್ತಂಗಿಲ್ಲೇನು?"

"ಗಿಡದ ಗುರ್ತು ಹತ್ತತೈತ್ರಿ. ಅದನ್ನ ಹೇಳಿಕೊಟ್ಟ ಮುದಕಿ ಹೆಸರು ಎಲಿ ಮ್ಯಾಲೆ ಇರತೈತೇನು? ಆ ಮುದಕಿ ಸತ್ತು ಮೂರು ವರ್ಷ ಆತು. ಇದನ್ನೀಗ ದನಾನೂ ಮೂಸಂಗಿಲ್ಲ."

ಠಾಣೆಯಲ್ಲಿ ಅದನ್ನು ಹುಲ್ಲು ಎಂದಿದ್ದ ಮಲಂಗಸಾಬ ಜಾರಿದ ಒಂದು ಕಲ್ಲನ್ನು ಮತ್ತೆ ರಾಶಿಯ ಬದಿಗೆ ಇಟ್ಟ.

ಉಡಚಪ್ಪ ಆ ಕಲ್ಲುಗಳನ್ನೇ ನೋಡುತ್ತ ನಿಂತರು. ಒಂದೊಂದು ಮಡಿಕೆ ಬಿಚ್ಚಿ ನೋಡಿದ್ದಾನೆಂದರೆ ಅವನು ಯಾವುದೋ ಒಂದನ್ನು ಹುಡುಕುತ್ತಿದ್ದ. ಸಿಗದ್ದಕ್ಕೇ ಉಳಿದ ಕಪಾಟುಗಳಲ್ಲಿ ಅಡಗಿಸಿಟ್ಟಿದ್ದಾರೆಂದು ಅವುಗಳನ್ನೂ ಒಡೆದ. ಕಾಗದವೆಲ್ಲ ಸುಟ್ಟ. ಗಿಡವನ್ನು ಮಾತ್ರ ಬೆಂಕಿಗೆ ಹಾಕಲು ಅವನ ಕೈ ಬರಲಿಲ್ಲ.

"ನೀ ಕೇಳಿದಾಗ ಔಷಧದ ಹೆಸರು ಹೇಳಾಕ ಒಪ್ಪಲಾರದವ್ರು ಯಾರಾದ್ರೂ ಇದ್ರೇನು?"

ಅಮೀರಾ ಕೈಯ ಧೂಳು ಒರೆಸಿಕೊಂಡು ಎದ್ದಳು.

"ಒಬ್ಬಾಂವ ಅದಾನ್ರಿ. ಡೋಣಿಯ ಫಕೀರೇಶಪ್ಪ. ಅವತ್ತು ಚಾ ಕುಡದು ಹೋದ ಅಜ್ಜ. ಕಾಮಣಿಗೆ ಔಷಧ ಕೊಡತಾನ. ಹೆಸರು ಬಾಯಿಂದ ಹೊರಗ ಬಿದ್ರ ಔಷಧದ ಗುಣಾ ಹೋಗತೈತಿ ಅಂತ ಅವರ ಮನಿತನದಾಗ ನಂಬಿಗಿ. ಅವನ ಕೂಡ ಸಾಕಾಗಿ, ಸೊಸಿ ದುರ್ಗಾನ್ನ ಕೇಳಿದೆ. ಆಕಿ ಹಿತ್ತಲದಾಗಿನ ಒಂದು ಎಲಿ ಕಿತ್ತು ಕೊಟ್ಲು."

"ಅದನ್ನ ಏನ್ ಮಾಡ್ದಿ?"

"ಪ್ರಯೋಗಾಲಯಕ್ಕ ಕಳಿಸಿದ್ದೆ. ಇದರಾಗ ಏನೂ ಗುಣಾ ಇಲ್ಲ ಅಂತ ಬರದು ಕಳಿಸಿದ್ರು."

"ಅಜ್ಜಗ ಹೇಳಿದ್ಯಾ?"

"ಇಲ್ರಿ, ಕೆಟ್ಟ ಅನಿಸ್ತು. ಗುರುವಾರ ಬಂದು ನಮ್ಮ ಎಲಿ ತಿರುಗಿ ಕೊಡವಾ ಅಂದ. ನಾ ನಕ್ಕೆ. ಹೆಸರು ಹಚ್ಚಿ ಇಲ್ಲೇ ಕಪಾಟಿನ್ಯಾಗ ಇಟ್ಟೀನಿ ಅಜ್ಜಾ, ನಾವು ಸತ್ತ ಮ್ಯಾಲೂ ಇರತೈತಿ ಅಂದೆ. ಖುಷಿಯಾಗತಾನ ಅಂತ ತಿಳದಿದ್ದೆ."

ಬುಧವಾರ, ನವೆಂಬರ್ 5. ಮುಂಡರಗಿ ಠಾಣೆಗೆ ವಿಷಯ ತಿಳಿಸಿ, ಅಮೀರಾಳನ್ನೂ ಕೂರಿಸಿಕೊಂಡು, ಜೀಪು ಶಿರಹಟ್ಟಿಯ ದಾರಿ ಹಿಡಿಯಿತು. ಹನ್ನೊಂದರ ಸುಮಾರಿಗೆ ಡೋಣಿ ಮುಟ್ಟಿದರು. ಗುಡ್ಡದ ಹುಲ್ಲು ಆಗಲೇ ಒಣಗಿ ಕಂದಾಗಿತ್ತು.

ಮನೆ ಮುಂದಿನ ಕಟ್ಟೆಯ ಮೇಲೆ ಫಕೀರೇಶಪ್ಪ ಕೂತಿದ್ದ. ಎಪ್ಪತ್ತು ದಾಟಿದ ಒಣಕಲು ಮೈ, ಬರಿಗಾಲು. ಯಾವುದೋ ಊರಿನ ಗಂಡಹೆಂಡತಿ, ಕಾಮಾಲೆಯಿಂದ ಕಣ್ಣು ಹಳದಿಯಾದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೆಳಗೆ ಕೂತಿದ್ದರು.

"ದವಾಖಾನಿಗೆ ಒಯ್ರಿ ಅಂದ್ನೆಲ್ಲ. ನನ್ನ ಹಂತೇಕ ಏನಿಲ್ಲ. ಔಷಧ ಸತ್ತೈತಿ," ಎನ್ನುತ್ತಿದ್ದ ಅವರಿಗೆ.

ಪೊಲೀಸರನ್ನು ಕಂಡು ಗಂಡಹೆಂಡತಿ ಎದ್ದು ಹೋದರು. ಮುದುಕ ಏಳಲಿಲ್ಲ, ಹೆದರಲೂ ಇಲ್ಲ.

"ಕುಂಡ್ರಿ ಸಾಹೇಬ್ರ. ಮನಿಯಾಗ ಸಾವಾಗೇತಿ, ನೀರು ಕೊಡಾಕೂ ಯಾರೂ ಏಳಂಗಿಲ್ಲ."

"ಯಾರು ತೀರಿದ್ರು?"

"ಮೊಮ್ಮಗಳು, ಆರು ವರ್ಷದ ಕೂಸು. ಸೋಮವಾರ ನಸುಕಿನ್ಯಾಗ."

"ಏನಾಗಿತ್ತು?"

"ಕಾಮಣಿ."

ಉಡಚಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕೇಳಬೇಕಾದ್ದನ್ನು ಕೇಳಲೇಬೇಕಿತ್ತು.

"ಲಕ್ಷ್ಮೇಶ್ವರದ ಕಾಲೇಜಿನ ಕಪಾಟು ಒಡದವ್ರು ಯಾರು ಅಜ್ಜಾ?"

"ನಾನ."

"ಯಾವಾಗ?"

"ಶನಿವಾರ ಹೊತ್ತು ಇಳಿಯಾಗ. ಹಳ್ಳದ ಪೊದಿಯಾಗ ಇಟ್ಟು, ರವಿವಾರನೂ ಉಳದದ್ದು ತಂದೆ."

"ಯಾಕ?"

"ನನ್ನ ಎಲಿ ಹೆಸರು ಹಚಕೊಂಡು ಅಲ್ಲಿ ಕುಂತಿತ್ತು. ಅದು ಅಲ್ಲಿರೂತನಾ ಇಲ್ಲಿ ಔಷಧ ಹತ್ತತಿರಲಿಲ್ಲ. ಕೂಸಿಗೆ ಮೂರು ಸಲ ಅರದು ಕುಡಿಸಿದೆ. ಕಣ್ಣು ಮತ್ತಷ್ಟು ಹಳದಿ ಆದೂ. ನಮ್ಮಪ್ಪನ ಕಾಲದಿಂದ ಎಂದೂ ಹಿಂಗಾಗಿದ್ದಿಲ್ಲ. ಹೆಸರು ಅಳಿಸಿದ್ರ ಗುಣಾ ತಿರುಗಿ ಬರತೈತಿ ಅಂತ ಹೋದೆ."

"ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ನಾಕೂರ ಮಂದಿ ಕಾಮಣಿ ಆದ್ರ ನನ್ನ ಬಾಗಲಿಗೆ ಬರತಾರ ಸಾಹೇಬ್ರ. ನಾನ ನನ್ನ ಕೂಸಿನ್ನ ಎತಗೊಂಡು ಮುಂಡರಗಿ ಬಸ್ ಹತ್ತೂದೇನು?"

ಆಗ ಒಳಗಿನಿಂದ ಸೊಸೆ ದುರ್ಗಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅತ್ತು ಅತ್ತು ದನಿ ಬಿದ್ದಿತ್ತು. ಅವಳು ಪೊಲೀಸರ ಕಡೆ ನೋಡಲಿಲ್ಲ. ಅಂಗಳದಲ್ಲಿ ನಿಂತಿದ್ದ ಅಮೀರಾಳ ಕಡೆ ನೋಡಿದಳು.

"ನಾ ನಿಮಗ ಕೊಟ್ಟಿದ್ದು ಆ ಎಲಿ ಅಲ್ರಿ ಅಕ್ಕಾರ. ಬೇಲಿ ಮ್ಯಾಗಿನ ಯಾವುದೋ ಬಳ್ಳಿ. ಮನಿತನದ ಔಷಧ ಹೊರಗ ಹಾಕೂ ಸೊಸಿ ನಾನಲ್ಲ. ನೀವು ಮ್ಯಾಲೆ ಮ್ಯಾಲೆ ಬಂದು ಕೇಳ್ತಿದ್ರಿ, ಬ್ಯಾಡ ಅನ್ನಾಕ ಮನಸು ಬರಲಿಲ್ಲ. ಮಾಂವಗೂ ಹೇಳಿದೆ, ನಂಬಲಿಲ್ಲ."

ಆ ಬೇಲಿಯ ಬಳ್ಳಿಯ ಮೇಲೆ ಅಮೀರಾ ಒಂದು ಅಧ್ಯಾಯ ಪೂರ್ತಿ ಬರೆದಿದ್ದಳು. ಕಳುವಾಗದೆ ಇದ್ದರೂ ಆ ಅಧ್ಯಾಯ ಸುಳ್ಳಾಗಿಯೇ ಇರುತ್ತಿತ್ತು.

ಉಡಚಪ್ಪ ಮುದುಕನ ಕಡೆ ಬಾಗಿದರು. ಗದರಿಸುವ ದನಿಯಲ್ಲ, ಒಬ್ಬ ವಯಸ್ಸಾದವನು ಇನ್ನೊಬ್ಬನನ್ನು ಕೇಳುವ ದನಿ.

"ಒಂದೊಂದ ಪೇಪರ್ ಬಿಚ್ಚಿ ನೋಡಿದಿ. ನಿನ್ನ ಎಲಿ ಅದರಾಗ ಸಿಗಲಿಲ್ಲ. ಗುಡ್ಡದಾಗಿನ ಪ್ರತಿ ಗಿಡಾ ಬಲ್ಲವ ನೀನು. ಸೊಸಿ ಖರೆ ಹೇಳ್ಯಾಳ ಅಂತ ಅವಾಗನ ತಿಳಿಬೇಕಿತ್ತಲ್ಲ. ಮತ್ಯಾಕ ಎಲ್ಲಾರದೂ ಸುಟ್ಟಿ?"

ಮುದುಕ ತನ್ನ ಅಂಗೈ ನೋಡಿಕೊಂಡ. ಬೆರಳ ಸಂದಿಯಲ್ಲಿ ಅರೆದ ಸೊಪ್ಪಿನ ಹಸಿರು ಇನ್ನೂ ಹೋಗಿರಲಿಲ್ಲ.

"ತಿಳೀತ್ರಿ," ಎಂದ. "ಹಳ್ಳದಾಗ ಕೊನೇ ಪೇಪರ್ ಬಿಚ್ಚಿದಾಗನ ತಿಳೀತು. ಹೆಸರು ಹೊರಗ ಹೋಗೇ ಇಲ್ಲಂದ್ರ ಔಷಧ ಯಾಕ ಹತ್ತಲಿಲ್ಲ? ಅದಕ್ಕ ನಾ ಏನಂತ ಉತ್ತರ ಕೊಡ್ಲಿ? ಎಲ್ಲೋ ಅಡಗಿಸ್ಯಾರ, ಇನ್ಯಾವುದ್ರಾಗೋ ಬರದಾರ ಅಂದಕೊಂಡು ಉಳದ ಕಪಾಟೂ ಒಡದು ತಂದು ಎಲ್ಲಾ ಸುಟ್ಟೆ. ಸುಟ್ಟು ಬಂದು ಮತ್ತ ಅರದು ಕುಡಿಸಿದೆ."

ದುರ್ಗಾ ಒಳಗೆ ಹೋದಳು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಡೋಣಿಯ ಫಕೀರೇಶಪ್ಪನನ್ನು ದಸ್ತಗಿರಿ ಮಾಡಲಾಯಿತು. ಕಪಾಟು ಮೀಟಿದ, ಕಳೆ ತೆಗೆಯುವ ಕುರುಪಿಯನ್ನು ಅವನೇ ತೊಲೆಯ ಸಂದಿಯಿಂದ ತೆಗೆದುಕೊಟ್ಟ. ಪಂಚರ ಮುಂದೆ ಅದನ್ನು ಜಪ್ತು ಮಾಡಿದರು. ಕೈಗೆ ಬೇಡಿ ಹಾಕಬೇಡ ಎಂದು ಉಡಚಪ್ಪ ಶಫೀಕನಿಗೆ ಕಣ್ಸನ್ನೆ ಮಾಡಿದರು. ಜೀಪಿನಲ್ಲಿ ಮುದುಕ ಅಮೀರಾಳ ಎದುರಿಗೇ ಕೂತ. ಶಿರಹಟ್ಟಿ ದಾಟುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವನು ಮೆಲ್ಲಗೆ ಕೇಳಿದ:

"ನಿನ್ನ ಗಿಡಾ ನೆರಳಿಗೆ ಇಟ್ಟಿದ್ದೆ. ಸಿಕ್ಕೂವೇನವಾ?"

"ಸಿಕ್ಕೂ ಅಜ್ಜಾ," ಎಂದಳು ಅಮೀರಾ.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಮಲಂಗಸಾಬ ಕೇಸಿನ ಕಾಗದ ಬರೆಯುತ್ತ ಕೂತಿದ್ದ. ಮರುದಿನ ಮುದುಕನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಕಲಂ 435, ಬೆಂಕಿ ಇಟ್ಟು ಹಾನಿ ಮಾಡಿದ್ದು, ಸೇರಿಸಿದ್ದಾಗಿತ್ತು.

"ಸಾಹೇಬ್ರ, ಕಾರಣ ಏನಂತ ಬರೀಲಿ?"

"ಮೊಮ್ಮಗಳು ತೀರಿಕೊಂಡ ದುಃಖಕ್ಕ ಅಂತ ಬರಿ."

ಮಲಂಗಸಾಬ ತಾರೀಖು ನೋಡಿದ. "ಹಂಗ ಬರಿಯಾಕ ಬರಂಗಿಲ್ರಿ. ಸುಟ್ಟದ್ದು ರವಿವಾರ. ಕೂಸು ತೀರಿದ್ದು ಸೋಮವಾರ."

ಉಡಚಪ್ಪ ಕಿಟಕಿಯಾಚೆ ನೋಡಿದರು. ಅಮೀರಾ ಆ ಒಣ ಗಿಡಗಳನ್ನು ಗೋಣಿಚೀಲಕ್ಕೆ ತುಂಬಿಸಿಕೊಂಡು, ಅಪ್ಪನ ಜೊತೆ ಠಾಣೆಯ ಮೆಟ್ಟಿಲು ಇಳಿಯುತ್ತಿದ್ದಳು.

"ಹಂಗಾರ," ಎಂದರು, "ಕೂಸು ಬದುಕಲಿ ಅಂತ ಸುಟ್ಟ ಅಂತ ಬರಿ."