ಸಗಿನ್ ಬೈಕೆಯ ಬೆಲ್ಟ್

"ತಲೆ ಅಲ್ಲಾಡಿಸಬೇಡ ಕಣೇ," ಎಂದಳು ಅಮ್ಮ.

"ಅಲ್ಲಾಡಿಸ್ತಿಲ್ಲ. ನೀನೇ ಜಡೆ ಎಳೀತಿದ್ದೀಯ."

ಅಮ್ಮ ಜಿಪಾರ್‌ಳ ಜಡೆಗಳಿಗೆ ಬಿಳಿ ರಿಬ್ಬನ್ ಕಟ್ಟಿದಳು. ಒಂದು ಕಡೆಯ ಹೂವು ದೊಡ್ಡದಾಯಿತು, ಇನ್ನೊಂದು ಚಿಕ್ಕದಾಯಿತು.

ಕಿಟಕಿಯಾಚೆ, ಅಂಗಳದ ಹುಲ್ಲಿನಲ್ಲಿ ದೊಡ್ಡದೊಂದು ವೃತ್ತವಿತ್ತು. ಅಪ್ಪನನ್ನು ಮಣ್ಣಿಗೆ ಒಯ್ಯುವವರೆಗೆ ಮಲಗಿಸಿದ್ದ ಉಣ್ಣೆಯ ಗುಡಾರ ಅಲ್ಲೇ ನಿಂತಿತ್ತು. ನಿನ್ನೆ ಅದನ್ನು ಬಿಚ್ಚಿ ಒಯ್ದಿದ್ದರು. ಅಳಲು ಬಂದಿದ್ದ ನೆಂಟರೂ ಹೊರಟುಹೋಗಿದ್ದರು. ಇವತ್ತು ಬರೀ ಸೋಮವಾರ. ಸ್ಕೂಲಿತ್ತು.

ಬಾಗಿಲ ಹಿಂದಿನ ಮೊಳೆಯಲ್ಲಿ ಕೊಕ್ಕೆಯಿರುವ ಅಗಲವಾದ ಚರ್ಮದ ಬೆಲ್ಟ್ ನೇತಾಡುತ್ತಿತ್ತು.

"ಅಮ್ಮಾ, ಬೆಲ್ಟ್ ಕೊಟ್ಟು ಬರ್ಲಾ?"

"ಇವತ್ತು ಬೇಡ."

ಬೆಲ್ಟ್ ಪಕ್ಕದ ಮನೆಯ ಸಗಿನ್ ಬೈಕೆಯದು. ಹಿರಿಯ ಗಂಡಸರನ್ನು ಅಲ್ಲಿ ಬೈಕೆ, ಅಂದರೆ ಅಣ್ಣ, ಎಂದು ಕರೆಯುತ್ತಾರೆ. ಸಗಿನ್ ಬೈಕೆ ಬೀಳದಂತೆ ಅದನ್ನು ಕಟ್ಟಿಕೊಂಡು ಕರೆಂಟ್ ಕಂಬ ಹತ್ತುವವರು. ಬಜಾರಿನ ಹೊಸ ಕಟ್ಟಡದ ಚಾವಣಿ ಕೆಲಸಕ್ಕೆ ಹೊರಟಾಗ ಅಪ್ಪ ಅದನ್ನು ಕೇಳಿ ತಂದಿದ್ದ. "ನಿಮ್ಮಪ್ಪನ ಹೊಟ್ಟೆಗೆ ಇದು ಸಾಲಲ್ಲ ಕಣಮ್ಮ, ಕುದುರೆಗೆ ಕಟ್ಟೋ ಪಟ್ಟಿ ಬೇಕು," ಎಂದು ಸಗಿನ್ ಬೈಕೆ ನಕ್ಕಿದ್ದರು. ಅಪ್ಪ ಮೊಳೆ ಕಾಯಿಸಿ ತುದಿಯಲ್ಲಿ ಹೊಸ ತೂತು ಸುಟ್ಟ. ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳು ಜಿಪಾರ್.

"ಶನಿವಾರ ವಾಪಸ್ ಕೊಡ್ಬೇಕು. ನೆನಪಿಸೋದು ನಿನ್ನ ಡ್ಯೂಟಿ," ಎಂದಿದ್ದ ಅಪ್ಪ.

ಶುಕ್ರವಾರ ಅವನು ಚಾವಣಿಯಿಂದ ಬಿದ್ದ. ಬೆಲ್ಟ್ ಆಸ್ಪತ್ರೆಯಿಂದ ಬಟ್ಟೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಂತು.

ಮಣ್ಣಿಗೆ ಒಯ್ಯುವ ಮೊದಲು ತಾತ ಅಂಗಳದಲ್ಲಿ ನಿಂತು ಎಲ್ಲರನ್ನೂ ಕೇಳಿದ್ದರು: "ನನ್ನ ಮಗ ಮಿರ್ಲಾನ್ ಯಾರ ಹತ್ರನಾದ್ರೂ ಏನಾದ್ರೂ ತಗೊಂಡಿದ್ರೆ ಈಗ್ಲೇ ಹೇಳಿ, ನಾನು ಕೊಡ್ತೀನಿ. ಅವನು ಹಗುರವಾಗಿ ಹೋಗ್ಲಿ."

ಜಿಪಾರ್ ಕಿಟಕಿಯಿಂದ ನೋಡುತ್ತಿದ್ದಳು. ಸಗಿನ್ ಬೈಕೆ ತಮ್ಮ ಬೂಟುಗಳನ್ನೇ ನೋಡುತ್ತ ಸುಮ್ಮನೆ ನಿಂತಿದ್ದರು.

ಹಾಗಾದರೆ ಅಪ್ಪ ಹಗುರವಾಗಿ ಹೋಗಲಿಲ್ಲ. ಕ್ಲಾಸಿನಲ್ಲಿ ಭಾಗಾಕಾರ ಮಾಡುವಾಗಲೂ ಆ ಬೆಲ್ಟ್ ಅವಳ ಕಣ್ಣ ಮುಂದೆಯೇ ತೂಗುತ್ತಿತ್ತು. ಟೀಚರ್ ಎರಡು ಸಲ ಹೆಸರು ಕರೆದರು. ಮೂರನೇ ಸಲ ಕರೆಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಗೇಟಿನ ಹೊರಗೆ ಕಂದು ಕುದುರೆಯೊಂದನ್ನು ಕಟ್ಟಿದ್ದರು. ಅದರ ಪಕ್ಕದಲ್ಲಿ ಕಾರು. ಕುದುರೆಯ ತುಟಿ ಒಣಗಿತ್ತು. ಪಾಪ, ಬಾಯಾರಿರಬೇಕು! ಜಿಪಾರ್ ಹಗ್ಗ ಬಿಚ್ಚಿ, ಕುದುರೆಯನ್ನು ಅಂಗಳದೊಳಗೆ ತಂದು ಬಕೆಟ್ ಮುಂದೆ ನಿಲ್ಲಿಸಿದಳು.

ಕಾರಿನ ಬಾಗಿಲು ತೆರೆಯಿತು. ಚರ್ಮದ ಜಾಕೆಟ್ಟಿನ ಗಂಡಸೊಬ್ಬ ಇಳಿದ. ಅವನ ಹಿಂದೆ ಬಿಳಿಗಡ್ಡದ ಅಜ್ಜ ಇಳಿದರು.

"ನೋಡಿದ್ರಾ ಅಜ್ಜ? ಮನೆಮಗಳೇ ಹಗ್ಗ ಹಿಡಿದು ಒಳಗೆ ಕರ್ಕೊಂಡ್ಳು," ಎಂದ ಜಾಕೆಟ್ಟಿನವನು.

ಆಗ ಜಿಪಾರ್‌ಗೆ ಹೊಳೆಯಿತು. ಊರಿನ ಪದ್ಧತಿಯಂತೆ ತಪ್ಪು ಮಾಡಿದವರು ಕುದುರೆ ತಂದು ಗೇಟಿಗೆ ಕಟ್ಟುತ್ತಾರೆ. ಮನೆಯವರು ಒಳಗೆ ಕರೆದುಕೊಂಡರೆ ಕ್ಷಮಿಸಿದ ಹಾಗೆ. ಮುಂದೆ ದೂರು ಕೊಡುವಂತಿಲ್ಲ. ಅವಳ ಕೈಯಿಂದ ಹಗ್ಗ ಜಾರಿತು.

ಒಳಗೆ ತಾತನ ಮುಂದೆ ಅವರನ್ನು ಕೂರಿಸಿ ಅಮ್ಮ ಬ್ರೆಡ್ಡು, ಚಹಾ ಇಟ್ಟಳು. ರಾಜಿ ಮಾಡಿಸಲು ಬಂದಿದ್ದ ಬಿಳಿಗಡ್ಡದ ಅಜ್ಜ ಬ್ರೆಡ್ಡು ಮುರಿದು ಮೆಲ್ಲಗೆ ಹೇಳಿದರು, "ಆಗಿದ್ದು ಆಯ್ತು. ಕೋರ್ಟು ಗೀರ್ಟು ಅಂತ ಅಲೆದರೆ ಸತ್ತವನಿಗೂ ನೆಮ್ಮದಿ ಇರಲ್ಲ."

"ನಾನು ಆ ಕಟ್ಟಡದ ಕಂಟ್ರಾಕ್ಟರ್ ಕಡೆಯ ಮ್ಯಾನೇಜರ್. ಸೈನ್ ಹಾಕಿಬಿಡಿ ಹಿರಿಯರೇ," ಎಂದು ಜಾಕೆಟ್ಟಿನವನು ಕಾಗದ ಚಾಚಿದ. "ಕುದುರೆ ಹೇಗೂ ಒಳಗೆ ಬಂದಿದೆಯಲ್ಲ!"

ಜಿಪಾರ್‌ಳ ಕಿವಿ ಬಿಸಿಯಾಯಿತು. ತಾತ ಕನ್ನಡಕ ಹುಡುಕಿದರು, ಸಿಗಲಿಲ್ಲ.

"ಜಿಪಾರ್, ನೀನೇ ಓದಮ್ಮ."

ಅವಳು ಪಾಠ ಓದುವಂತೆ ನಿಂತು ಓದಿದಳು. "ಕೆಲಸಗಾರ ಮಿರ್ಲಾನ್‌ಗೆ ನಮ್ಮ ಕಡೆಯಿಂದ ಸುರಕ್ಷತಾ ಬೆಲ್ಟ್ ಕೊಡಲಾಗಿತ್ತು. ಅವರು ಅದರ ಕೊಕ್ಕೆ ಹಾಕಿಕೊಳ್ಳದೆ..."

ಅವಳು ಓದುವುದನ್ನು ನಿಲ್ಲಿಸಿದಳು.

"ಯಾಕೆ? ಕಷ್ಟದ ಅಕ್ಷರನಾ?" ಎಂದ ಮ್ಯಾನೇಜರ್.

"ಇಲ್ಲ. ಸುಳ್ಳು. ಬೆಲ್ಟ್ ಇವರದ್ದಲ್ಲ ತಾತ. ಸಗಿನ್ ಬೈಕೆಯದು!"

"ಮಕ್ಕಳಿಗೆ ಏನು ಗೊತ್ತಾಗುತ್ತೆ..."

"ಗೊತ್ತು! ತೂತು ಸುಡುವಾಗ ನಾನೇ ಹಿಡ್ಕೊಂಡಿದ್ದೆ."

ಅಮ್ಮ ಎದ್ದಳು. ಮೊಳೆಯಿಂದ ಬೆಲ್ಟ್ ತೆಗೆದು ಊಟದ ಬಟ್ಟೆಯ ಮೇಲೆ ಇಟ್ಟಳು. ಒಳಮೈಯಲ್ಲಿ ಕರೆಂಟ್ ಆಫೀಸಿನ ನಂಬರ್ ಅಚ್ಚೊತ್ತಿತ್ತು. ಕೊಕ್ಕೆ ಮುರಿದಿರಲಿಲ್ಲ.

"ಕೊಕ್ಕೆ ಹಾಕೋಕೆ ಅಲ್ಲಿ ಹಗ್ಗ ಕಟ್ಟಿದ್ರಾ?" ಎಂದು ಕೇಳಿದಳು ಅಮ್ಮ.

ಮ್ಯಾನೇಜರ್ ಚಹಾದ ಬಟ್ಟಲು ತಿರುಗಿಸಿದ. ಬಿಳಿಗಡ್ಡದ ಅಜ್ಜ ಅವನ ಮುಖ ನೋಡಿದರು. "ನನಗೆ ಹೀಗಂತ ಹೇಳಿರಲಿಲ್ಲ ನೀನು," ಎಂದು ಎದ್ದುಬಿಟ್ಟರು.

"ಜಿಪಾರ್," ಎಂದರು ತಾತ. "ಕುದುರೆ ನೀರು ಕುಡೀತಾ?"

"ಕುಡೀತು."

"ಹಾಗಾದ್ರೆ ಹೊರಗೆ ಕರ್ಕೊಂಡು ಹೋಗು. ಒಳಗೆ ತಂದವಳು ನೀನೇ ಅಲ್ವಾ?"

ಗೇಟಿನವರೆಗಿನ ಆ ಹತ್ತು ಹೆಜ್ಜೆ ತುಂಬ ಉದ್ದವಾಗಿದ್ದವು.

ಮರುದಿನ ಬಜಾರಿನ ಹಿಂದಿನ ಸಣ್ಣ ಕೋಣೆಯಲ್ಲಿ ಲಾಯರಮ್ಮ ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೆಲ್ಟ್ ಕೊಡಲಿಲ್ಲ, ಹಗ್ಗ ಕಟ್ಟಲಿಲ್ಲ. ಪರಿಹಾರ ಕೇಳೋದು ನಿಮ್ಮ ಹಕ್ಕು. ಆದರೆ ಕೇಸ್ ಮುಗಿಯೋವರೆಗೂ ಇದು ನನ್ನ ಹತ್ರ ಇರ್ಬೇಕು."

"ಶನಿವಾರದೊಳಗೆ ಮುಗಿಯುತ್ತಾ?" ಎಂದು ಕೇಳಿದಳು ಜಿಪಾರ್.

ಲಾಯರಮ್ಮ ನಗಲಿಲ್ಲ. "ಯಾವ ಶನಿವಾರ ಅಂತ ಹೇಳೋಕಾಗಲ್ಲ ಮರಿ."

ಹಿಮ ಬಿತ್ತು. ಸಗಿನ್ ಬೈಕೆ ಯಾರದೋ ಸವೆದ ಬೆಲ್ಟ್ ಕಟ್ಟಿಕೊಂಡು ಕಂಬ ಹತ್ತುತ್ತಿದ್ದರು. ಅವರು ಇಳಿಯುವವರೆಗೆ ಜಿಪಾರ್ ಬೀದಿಯಲ್ಲೇ ನಿಲ್ಲುತ್ತಿದ್ದಳು. ಕೈ ಮರಗಟ್ಟಿದರೂ ಕದಲುತ್ತಿರಲಿಲ್ಲ.

ಕೋರ್ಟಿನಲ್ಲಿ ಸಗಿನ್ ಬೈಕೆ ಟೋಪಿ ಹಿಂಡುತ್ತ ಹೇಳಿದರು, "ಬೆಲ್ಟ್ ನನ್ನದು. ಆಫೀಸಿನ ಸಾಮಾನು ಹೊರಗೆ ಕೊಡಬಾರದಿತ್ತು, ಕೊಟ್ಟೆ. ಹೆದರಿ ಇಷ್ಟು ದಿನ ಸುಮ್ಮನಿದ್ದೆ." ಆಮೇಲೆ ಆಫೀಸಿನಲ್ಲಿ ಚೆನ್ನಾಗಿ ಬೈಸಿಕೊಂಡರಂತೆ.

ಹಿಮ ಕರಗುವ ಹೊತ್ತಿಗೆ ತೀರ್ಪು ಬಂತು. ಜಿಪಾರ್‌ಗೆ ಹದಿನೆಂಟು ತುಂಬುವವರೆಗೆ ಕಂಟ್ರಾಕ್ಟರ್ ತಿಂಗಳು ತಿಂಗಳು ಹಣ ಕೊಡಬೇಕು. ಅಮ್ಮ ಆ ಕಾಗದವನ್ನು ಮಡಚಿ ಅಪ್ಪನ ಕೋಟಿನ ಜೇಬಿನಲ್ಲಿಟ್ಟಳು. ನಗಲೂ ಇಲ್ಲ, ಅಳಲೂ ಇಲ್ಲ.

ಲಾಯರಮ್ಮ ವಾಪಸ್ ಕೊಟ್ಟ ಬೆಲ್ಟನ್ನು ಜಿಪಾರ್ ಹೆಗಲಿಗೆ ಹಾಕಿಕೊಂಡು ಓಡಿದಳು. ಸಗಿನ್ ಬೈಕೆ ಕಂಬದ ಕೆಳಗೆ ನಿಂತಿದ್ದರು.

"ಬೈಕೆ, ಅಪ್ಪ ತಗೊಂಡಿದ್ದ ಬೆಲ್ಟ್. ತಡವಾಯ್ತು."

"ಇವತ್ತು ಯಾವ ವಾರ?"

"ಶನಿವಾರ."

"ಮತ್ತೆ? ಹೇಳಿದ ದಿನಕ್ಕೇ ತಂದಿದ್ದೀಯಲ್ಲ!"

ಅವರು ಬೆಲ್ಟನ್ನು ಸೊಂಟಕ್ಕೆ ಬಿಗಿದರು. ಅಪ್ಪ ಸುಟ್ಟ ತೂತು ತುದಿಯಲ್ಲಿ ಖಾಲಿಯಾಗಿ ಉಳಿಯಿತು. ಅವರು ಹತ್ತಿದರು, ಹತ್ತಿದರು. ಮೇಲೆ ಕೊಕ್ಕೆ ಟಕ್ ಎಂದಿತು.

ಆ ಸದ್ದು ಕೇಳಿದ ಮೇಲೆ ಜಿಪಾರ್, ಅವರು ಇಳಿಯುವವರೆಗೆ ಕಾಯದೆ, ಮನೆಗೆ ನಡೆದಳು.