ಕನ್ನಡಿಯಾಚೆ ಕುಳಿತಿದ್ದ ಅಜ್ಜಿ

“ಕನ್ನಡಿ ಹಿಂದೆ ನಾನು ಅಡಗಿ ಕೂತಿದ್ದೆ. ನನ್ನ ಕಡೆ ಕತ್ತಲಿದ್ರೆ ನನಗದು ಕಿಟಕಿ, ಆಚೆಯವರಿಗೆ ಬರೀ ಕನ್ನಡಿ. ನಮ್ಮ ಪ್ರೊಫೆಸರ್ ಬಂದವರೇ, ‘ಏನಮ್ಮ, ಕತ್ತಲಲ್ಲಿ ಕೂತಿದ್ದೀ?’ ಅಂತ ಲೈಟ್ ಹಾಕಿಬಿಟ್ರು. ಆ ಕಡೆ ಇದ್ದ ಮಕ್ಕಳಿಗೆಲ್ಲ ನಾನು ಕಂಡುಬಿಟ್ಟೆ. ಟಾಟಾ ಮಾಡಿದ್ರು!”

ಅಜ್ಜಿಯ ಮಾತಿಗೆ ಬುಗುರಿ ಕಿಸಕ್ಕನೆ ನಕ್ಕಳು. ಆದರೂ ಪುಟ ಮಗುಚುವುದನ್ನು ಬಿಡಲಿಲ್ಲ. ಓದಿ ಮುಗಿಸಿದ ಪುಸ್ತಕಕ್ಕೊಂದರಂತೆ ಶಾಲೆಯಲ್ಲಿ ಸ್ಟಾರ್ ಕೊಡುತ್ತಿದ್ದರು. ನಾಳೆಯೇ ಕೊನೆಯ ದಿನ. ಪಕ್ಕದ ಬೆಂಚಿನ ಚೂಟಿ ಒಂದೇ ಸ್ಟಾರ್ ಮುಂದಿದ್ದಳು. ಆದ್ದರಿಂದ ಬುಗುರಿ ತೆಳ್ಳನೆಯ ಪುಸ್ತಕಗಳನ್ನೇ ಹುಡುಕಿ ತಂದಿದ್ದಳು.

ಅಜ್ಜಿ ಮನಶ್ಶಾಸ್ತ್ರಜ್ಞೆ. ಮನುಷ್ಯರು ಒಂದು ಕೆಲಸವನ್ನು ಏಕೆ ಮಾಡುತ್ತಾರೆ, ಏಕೆ ಬಿಡುತ್ತಾರೆ ಎಂದು ಹುಡುಕುವುದರಲ್ಲೇ ಅವರ ತಲೆ ನರೆತಿತ್ತು.

“ಆಮೇಲೆ?”

“ಅಷ್ಟು ದಿನದ ಕೆಲಸ ನೀರುಪಾಲು. ಪ್ರೊಫೆಸರ್, ‘ಬಹುಮಾನ ಕೊಟ್ರೆ ಯಾರು ಬೇಕಾದ್ರೂ ಮಾಡ್ತಾರೆ. ಇದರಲ್ಲಿ ನೋಡೋಕೆ ಏನಿದೆ? ಬಿಡಮ್ಮ’ ಅಂದ್ರು.”

“ಬಿಟ್ಯಾ?”

“ನಾನಾ? ಬೇರೆ ಮಕ್ಕಳನ್ನ ಕರೆಸಿ ಮೊದಲಿಂದ ಶುರು ಮಾಡಿದೆ. ಒಂದು ಗುಂಪಿಗೆ, ಜೇಡಿಮಣ್ಣಲ್ಲಿ ಗೊಂಬೆ ಮಾಡಿದ್ರೆ ಬಹುಮಾನ ಅಂದೆ. ಇನ್ನೊಂದು ಗುಂಪಿಗೆ ಬರೀ ಮಣ್ಣು ಕೊಟ್ಟೆ. ಬಹುಮಾನ ಹಂಚಿದ ಮೇಲೆ ಎಲ್ಲರಿಗೂ, ‘ಟೈಮ್ ಆಯ್ತು, ಇನ್ನು ನಿಮ್ಮಿಷ್ಟ’ ಅಂತ ಹೇಳಿ ಹೊರಗೆ ಬಂದು, ಕನ್ನಡಿ ಹಿಂದೆ ಕೂತೆ.”

ಬುಗುರಿಯ ಬೆರಳು ಪುಟದ ಮೇಲೆಯೇ ನಿಂತಿತು.

“ಬಹುಮಾನದವರು ಕೈ ತೊಳ್ಕೊಂಡು ಎದ್ದುಬಿಟ್ರು. ಬರೀ ಮಣ್ಣಿನವರು? ಊಟಕ್ಕೆ ಕರೆದ್ರೂ ಏಳಲಿಲ್ಲ! ಕೊನೆಗೆ ಪ್ರೊಫೆಸರೇ ಬಂದು, ಲೈಟ್ ಮುಟ್ಟದೆ, ನನ್ನ ಪಕ್ಕ ಉಸಿರು ಬಿಗಿಹಿಡಿದು ಕೂತ್ಕೊಂಡ್ರು.”

ಆ ಕತ್ತಲ ಕೋಣೆಯಲ್ಲಿ ಹಟ ಹಿಡಿದು ಕುಳಿತಿದ್ದ ಹುಡುಗಿಯನ್ನು ಬುಗುರಿ ಅಜ್ಜಿಯ ಮುಖದಲ್ಲಿ ಹುಡುಕಿದಳು. ಅವಳು ಅಲ್ಲಿಯೇ ಇದ್ದಳು, ಕಣ್ಣುಗಳಲ್ಲಿ.

“ಅತ್ತೆ, ಅವಳನ್ನ ಓದೋಕೆ ಬಿಡಿ! ಇನ್ನೂ ಎರಡು ಪುಸ್ತಕ ಇದೆಯಂತೆ,” ಎಂದು ಅಮ್ಮ ಒಳಗಿನಿಂದ ಕೂಗಿದರು.

“ಓದ್ಕೋ ಕಂದ, ನಾನು ಅಡ್ಡ ಬರಲ್ಲ,” ಎಂದು ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದರು.

ಬುಗುರಿ ಕೊನೆಯ ಪುಟಕ್ಕೆ ಬಂದಿದ್ದಳು. ಕತೆ ನರಿಯದೋ ದೋಣಿಯದೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಿಂದೆಲ್ಲ ಓದುತ್ತ ಕುಳಿತರೆ ಅಮ್ಮ ಕರೆದದ್ದೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಅವಳು ಪುಸ್ತಕ ಮುಚ್ಚಿ ಅಜ್ಜಿಯ ಕೈ ಹಿಡಿದೆಳೆದಳು.

“ಅಜ್ಜೀ, ಇನ್ನೊಂದ್ಸಲ ಹೇಳು.”

“ಇದಕ್ಕೆ ಸ್ಟಾರ್ ಸಿಗಲ್ಲ ಕಣೇ!”

“ಗೊತ್ತು. ಮೊದಲಿಂದ ಹೇಳು.”